ಹೊಸ್ತಿಲಾಚೆಯ ಹಾರ್ಡ್ ಡಿಸ್ಕು

ಪುಣೆಯ ನಾರಾಯಣ ಪೇಟೆಯಲ್ಲಿ ನಾವು ಬಾಡಿಗೆಗಿದ್ದ ವಾಡೆಯಲ್ಲಿ ಯಾರ ಮನೆಯಲ್ಲೂ ಯಾವ ಪದಾರ್ಥವೂ ಮುಗಿಯುತ್ತಿರಲಿಲ್ಲ. ಹಾಗೆಂದು ನಮ್ಮನ್ನು ಶ್ರೀಮಂತರೆಂದು ತಿಳಿಯಬೇಡಿ. ಮುಗಿಯುತ್ತಿತ್ತು, ಹೇಳುವಂತಿರಲಿಲ್ಲ ಅಷ್ಟೆ. ಅಕ್ಕಿಡಬ್ಬಿಯ ತಳ ಕಂಡರೆ "ಅಕ್ಕಿ ಹೆಚ್ಚಾಗ್ಯಾವ" ಅನ್ನಬೇಕು. ಬಳೆ ಒಡೆದರೆ "ಬಳಿ ಹೆಚ್ಚಾತು." ಕೆಲಸಕ್ಕೆ ಹೊರಟವನು ಅಪ್ಪಿತಪ್ಪಿ "ಹೋಗ್ತೇನಿ" ಅಂದರೆ ಅವನನ್ನು ಮೆಟ್ಟಿಲಿನಿಂದ ವಾಪಸು ಕರೆಸಿ, ನೀರು ಕುಡಿಸಿ, "ಹೋಗಿ ಬರ್ತೇನಿ" ಅನ್ನಿಸಿ ಕಳಿಸುತ್ತಿದ್ದರು. ಇದರಿಂದ ನಾನು ಅಂಚೆ ಕಚೇರಿಗೆ ತಡವಾಗಿ ಹೋದದ್ದಕ್ಕೆ ಲೆಕ್ಕವಿಲ್ಲ.

ಇದಕ್ಕೆಲ್ಲ ಕಾರಣ ವಾಸ್ತುಪುರುಷ. ಪ್ರತಿ ಮನೆಯ ತೊಲೆಯ ಮೇಲೆ ಆತ ಕಿವಿಗೊಟ್ಟು ಕುಳಿತಿರುತ್ತಾನೆ. ಕೆಳಗಿನವರು ಏನಂದರೂ "ತಥಾಸ್ತು" ಅನ್ನುತ್ತಾನೆ. ಒಳ್ಳೆಯದು ಕೆಟ್ಟದ್ದು ನೋಡುವುದಿಲ್ಲ. ಸರಕಾರಿ ನೌಕರನಾದ ನನಗೆ ಈ ಸ್ವಭಾವ ಚೆನ್ನಾಗಿ ಅರ್ಥವಾಗುತ್ತಿತ್ತು. ಮುಂದೆ ಬಂದದ್ದಕ್ಕೆ ಮುದ್ರೆ ಒತ್ತುವುದಷ್ಟೇ ಅವನ ಕೆಲಸ.

ವಾಸ್ತುಪುರುಷನ ಪರವಾಗಿ ವಾಡೆಯಲ್ಲಿ ಈ ಕಾನೂನು ನಡೆಸುತ್ತಿದ್ದವರು ನಮ್ಮ ಪಕ್ಕದ ಮನೆಯ ರಂಗೂಬಾಯಿ ಗಲಗಲಿ. ಧಾರವಾಡದ ಕಡೆಯವರು. ಕುಳ್ಳಗೆ, ತೆಳ್ಳಗೆ, ದಮ್ಮಿನ ರೋಗಿ. ಎರಡು ಮಾತಾಡಿ ಒಮ್ಮೆ ಉಸಿರು ಎಳೆದುಕೊಳ್ಳುವರು. ಆ ಎರಡು ಮಾತಿನಲ್ಲಿ ಎದುರಿನವನ ಉಸಿರು ನಿಲ್ಲಿಸುವರು. ಆದರೆ ಅವರ ಉಪಕಾರ ಹೇಳದೆ ಕಥೆ ಮುಂದೆ ಒಯ್ದರೆ ನನ್ನ ನಾಲಿಗೆ ಬಿದ್ದುಹೋದೀತು. ನಾನೂ ನನ್ನ ಹೆಂಡತಿ ನರ್ಮದಾ ಬೆಳಗಾವಿಯಿಂದ ವರ್ಗವಾಗಿ, ಹಾಸಿಗೆ ಸುರುಳಿಯೊಂದಿಗೆ ಸುರಿಯುವ ಮಳೆಯಲ್ಲಿ ಬಂದಿಳಿದಾಗ, ನಮಗೆ ಕೊಡುತ್ತೇನೆಂದ ಖೋಲಿಯನ್ನು ಮಾಲೀಕ ಬೇರೆಯವರಿಗೆ ಕೊಟ್ಟುಬಿಟ್ಟಿದ್ದ. ರಂಗೂಬಾಯಿ ರೊಟ್ಟಿಗೆ ತಮ್ಮ ಚಟ್ನಿಪುಡಿ ಹಾಕಿ ಉಣಿಸಿ, ನಮ್ಮನ್ನು ತಮ್ಮ ಅಡಿಗೆಮನೆಯಲ್ಲಿ ಮಲಗಿಸಿಕೊಂಡರು. ಮಾಲೀಕನ ಬಾಗಿಲಲ್ಲಿ ಹೋಗಿ ಕುಳಿತು, ಧಾರವಾಡದ ಮರಾಠಿಯಲ್ಲಿ ದಿನಾ ಮಾತಾಡಿದರು. ಅವನಿಗೆ ಆ ಮರಾಠಿ ಕೇಳುವುದಕ್ಕಿಂತ ಖೋಲಿ ಕೊಡುವುದೇ ಹಗುರವೆನಿಸಿತು. ವಾಡೆಯಲ್ಲಿ ಅವರಿಂದ ಹೀಗೆ ಏನಾದರೂ ಪಡೆಯದ ಮನೆಯಿರಲಿಲ್ಲ.

ಇಂಥ ತಾಯಿಯ ಮಗ ದಿಗಂಬರ. ಪುಣೆಯ ಅಂಚಿನ ಭೋಸರಿಯಲ್ಲಿ ಅಳತೆಯ ಗೇಜು ತಯಾರಿಸುವ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಕ್ಲಾರ್ಕ್. ಸಾಧು ಮನುಷ್ಯ. ಹುಟ್ಟಿದಾಗಿನಿಂದ ಮನೆಯಲ್ಲಿ "ಇಲ್ಲ" ಎಂಬ ಶಬ್ದವನ್ನೇ ಆಡದೆ ಬೆಳೆದದ್ದರಿಂದ ಅದು ಅವನ ಬಾಯಲ್ಲಿ ತಿರುಗುತ್ತಲೇ ಇರಲಿಲ್ಲ. ಸ್ಟೋರಿನಲ್ಲಿ ಸ್ಕ್ರೂ ಖಾಲಿಯಾದರೂ "ಸ್ಕ್ರೂ ಹೆಚ್ಚಾಗ್ಯಾವ್ರಿ" ಅಂದು ಫೋರ್‌ಮನ್ನನಿಂದ ಬೈಸಿಕೊಳ್ಳುತ್ತಿದ್ದ.

ಅದು ಎಂಬತ್ತೇಳರ ಮಳೆಗಾಲ. ಕಾರ್ಖಾನೆಯ ಸಾಹೇಬರು ಮುಂಬೈಯ ಯಾವುದೋ ಕಂಪನಿ ಬಳಸಿ ಬಿಟ್ಟ ಕಂಪ್ಯೂಟರ್ ಒಂದನ್ನು ತಂದರು. ಅದನ್ನು ಸುತ್ತುವರಿದು ನಿಂತ ಸಿಬ್ಬಂದಿಯನ್ನು ನೋಡಿ, "ಯಾರಿಗೆ ಕಂಪ್ಯೂಟರ್ ಬರ್ತದ?" ಎಂದು ಕೇಳಿದರು. ಸಾಹೇಬರು ಕೇಳಿದ್ದು ಮರಾಠಿಯಲ್ಲಿ. ನಿಮ್ಮ ಅನುಕೂಲಕ್ಕಾಗಿ ನಮ್ಮ ಮಾತಿನಲ್ಲಿ ಹೇಳುತ್ತಿದ್ದೇನೆ. ಎಲ್ಲರೂ ಕೆಳಗೆ ನೋಡಿದರು. ದಿಗಂಬರನೊಬ್ಬ ಮೇಲೆ ನೋಡುತ್ತಿದ್ದ, ತಗಡಿನ ಛಾವಣಿ ಸೋರಿ ಅವನ ನೆತ್ತಿಯ ಮೇಲೆ ನೀರು ಬೀಳುತ್ತಿತ್ತು.

"ಗಲಗಲಿ, ನಿನಗ ಬರ್ತದೇನು?"

"ಇಲ್ಲ" ಅನ್ನಬೇಕಿತ್ತು. ನಾಲ್ಕು ಸಲ ಬಾಯಿ ತೆರೆದನಂತೆ. ಕೊನೆಗೆ ಬಂದದ್ದು, "ಬರ್ತದ್ರಿ ಸಾಹೇಬ್ರ."

ಸಾಹೇಬರು ಹಿಗ್ಗಿ ಹೀರೇಕಾಯಿಯಾದರು. "ಹಂಗಿದ್ರ ಇಲ್ಲಿ ಸೋರ್ತದ, ನಿನ್ನ ಮನಿಗೆ ಒಯ್ಯಿ. ಇದರಾಗಿನ ಹಾರ್ಡ್ ಡಿಸ್ಕಿನ್ಯಾಗ ಮುಂಬೈಯವರ ಕಸಾ ತುಂಬೇದ. ಫಾರ್ಮ್ಯಾಟ್ ಮಾಡಿ ಸ್ವಚ್ಛ ಮಾಡಿಡು. ಸೋಮವಾರ ಮುಂಜಾನೆ ನಾನೇ ಬಂದು ನೋಡ್ತೇನಿ. ತಯಾರಿದ್ರ ಸ್ಟೋರ್ಸ್ ಪೂರ್ತಿ ನಿನ್ನ ಕೈಗೆ. ಆಗದಿದ್ರ ಹೇಳು, ಲೋಣಾವಳಾದ ಗೋದಾಮಿಗೆ ಒಬ್ಬ ಬೇಕಾಗ್ಯಾನ."

ಲೋಣಾವಳಾ ಎಂದರೆ ನೀವು ಶೇಂಗಾ ಚಿಕ್ಕಿಯನ್ನು ನೆನೆಸುತ್ತೀರಿ. ದಿಗಂಬರ ನೆನೆಸಿದ್ದು ತಾಯಿಯ ಎದೆಯನ್ನು. ಅಲ್ಲಿಯ ಮಳೆಗೆ ಗೋಡೆಗೂ ಬೂಷ್ಟು ಹಿಡಿಯುತ್ತದೆ. "ತಂಪು ಹವೆಗೆ ಈಕಿನ್ನ ಒಯ್ದಿರೋ, ಆಮೇಲೆ ನನ್ನ ಕೇಳಬ್ಯಾಡ್ರಿ" ಎಂದು ಡಾಕ್ಟರರು ಹಿಂದಿನ ವರ್ಷವೇ ಹೇಳಿದ್ದರು. ಇದನ್ನು ಅವನು ನನಗೆ ಹೇಳಿದ್ದು ವಾಡೆಯ ಹೊರಗೆ, ಫುಟ್‌ಪಾಥಿನ ಮೇಲೆ ನಿಂತು.

"ಮಧುಕರರಾವ್, ಮನ್ಯಾಗ ಈ ಮಾತು ತಗೀಬ್ಯಾಡ್ರಿ. ವಾಸ್ತುಪುರುಷ ತಥಾಸ್ತು ಅಂದಾನು."

ಬುಧವಾರ ಸಂಜೆ ಟೆಂಪೋದಲ್ಲಿ ಯಂತ್ರ ಬಂತು. ಭೋಸರಿಯ ಕಾರ್ಖಾನೆಗಳಿಗೆ ಗುರುವಾರ ರಜೆ, ಅಲ್ಲಿಂದ ಸೋಮವಾರದವರೆಗೆ ದಿಗಂಬರನಿಗೆ ಮನೆಯಲ್ಲಿ ಈ ಯಂತ್ರವೇ ಡ್ಯೂಟಿ. ಅಂದೇ ಶುಭದಿನವೆಂದು ಗೊತ್ತಾಯಿತು. ದಿಗಂಬರನ ಹೆಂಡತಿ ಭಾಮಾ ಪೆಟ್ಟಿಗೆಗೆ ಅರಿಷಿಣ ಕುಂಕುಮ ಹಚ್ಚಿ, ಟೀವಿಯಂಥ ಭಾಗಕ್ಕೆ ಸೇವಂತಿಗೆ ಮಾಲೆ ಹಾಕಿ ಆರತಿ ಬೆಳಗಿದಳು. ವಾಡೆಯ ಮಂದಿಯೆಲ್ಲ ಪೇಢೆ ತಿಂದು, ಮುಂದಿನ ಚಮತ್ಕಾರಕ್ಕೆ ಕಾದರು. ದಿಗಂಬರ ಫ್ಲಾಪಿ ಎಂಬ ಕರಿಯ ಚೌಕವನ್ನು ಒಳಗೆ ಸೇರಿಸಿ, ಸಾಹೇಬರ ಆಫೀಸಿನಿಂದ ಕಲಿತು ಬಂದ ಅಕ್ಷರಗಳನ್ನು ಒಂದೊಂದಾಗಿ ಒತ್ತಿದ. ಪರದೆಯ ಮೇಲೆ ಏನೋ ಹಸಿರು ಸಾಲು ಮೂಡಿತು. ಅದನ್ನು ಓದಿದ್ದೇ ತಡ, ಅವನ ಮುಖ ಬಿಳಚಿಕೊಂಡಿತು. ಹೆಗಲ ಮೇಲಿನ ಟವೆಲ್ಲನ್ನು ಪರದೆಯ ಮೇಲೆ ಎಳೆದು, ಅದರ ಮರೆಯಲ್ಲೇ ಒಂದು ಕೀಲಿ ಒತ್ತಿದ.

"ಏನಾತು?" ಅಂದೆ.

"ಫಾರ್ಮ್ಯಾಟ್ ಆಗವಲ್ದು" ಅಂದ.

ಮತ್ತೆ ಒತ್ತಿದ. ಮತ್ತೆ ಟವೆಲ್ಲು. ಮತ್ತೆ "ಆಗವಲ್ದು."

ಸುದ್ದಿ ಕೇಳಿ ಎದುರಿನ ರೇಡಿಯೋ ರಿಪೇರಿ ಅಂಗಡಿಯ ಈರಣ್ಣ ಬಂದ. ಕಲಬುರ್ಗಿ ಕಡೆಯ ಧೀರ. ಅವನ ಕೈಗೆ ಹೋದ ರೇಡಿಯೋ ಮತ್ತೆ ಮಾತಾಡಿದ್ದುಂಟು, ಆದರೆ ಬೇರೆ ಸ್ಟೇಷನ್ನು ಮಾತ್ರ. ಯಂತ್ರಕ್ಕೆ ಕಿವಿ ಹಚ್ಚಿ ಕೇಳಿದ. ಬೆನ್ನು ತಟ್ಟಿದ. ಒಮ್ಮೆ ಮೂಸಿಯೂ ನೋಡಿದ.

"ಏನೂ ಚಿಂತಿ ಬ್ಯಾಡ್ರಿ. ಕರೆಂಟು ಕಮ್ಮಿ ಬೀಳಾಕತ್ತೈತಿ."

"ಕಮ್ಮಿ ಅನಬ್ಯಾಡೋ!" ಒಳಗಿನಿಂದ ರಂಗೂಬಾಯಿ ಕೂಗಿದರು. "ಹೆಚ್ಚಾಗೇದ ಅನ್ನು."

"ಹೆಚ್ಚಾಗೇತ್ರಿ" ಅಂದ ಈರಣ್ಣ.

ಕೆಳಗಿನ ಹಿಟ್ಟಿನ ಗಿರಣಿಯ ಹರಿಶ್ಚಂದ್ರ ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದ. ಮೈಯೆಲ್ಲ ಗೋದಿಹಿಟ್ಟು. ಆತ ಪುಣೆಯ ಮನುಷ್ಯ, ರಂಗೂಬಾಯಿಯವರ ಸಹವಾಸದಿಂದ ಕನ್ನಡ ಕಲಿತವನು. "ಜಾಸ್ತಿ ಆಗೇದೋ ಕಮ್ಮಿ ಆಗೇದೋ, ಒಂದು ಸರಿ ಹೇಳ್ರಿ. ನಾ ಮೋಟರ್ ಬಂದ್ ಮಾಡೂದೋ ಚಾಲೂ ಮಾಡೂದೋ?"

ಬಂದ್ ಮಾಡುವುದೆಂದು ನಿರ್ಣಯವಾಯಿತು. ಇದು ಸಣ್ಣ ಮಾತಲ್ಲ. ಆ ಗಿರಣಿ ಪುಣೆಯ ರೂಢಿಯಂತೆ ಮಧ್ಯಾಹ್ನದ ನಿದ್ದೆಗೆ ಬಿಟ್ಟರೆ ಬೇರೆ ಯಾವ ಕಾರಣಕ್ಕೂ ನಿಂತದ್ದಿಲ್ಲ. ಗೋದಿ ಡಬ್ಬಿ ಹಿಡಿದವರ ಸಾಲು ಬೀದಿಯ ಬಾಯಿ ಮುಟ್ಟಿತು. "ಏನಾಗೇದ?" ಎಂದವರಿಗೆ ಹರಿಶ್ಚಂದ್ರ ಗಂಭೀರವಾಗಿ, "ಮ್ಯಾಲೆ ದಿಗಂಬರರ ಮನ್ಯಾಗ ಒಂದು ಅಡಚಣಿ ಅದ" ಅನ್ನುತ್ತಿದ್ದ. ಎಂಥ ಅಡಚಣಿ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಇಬ್ಬರು ಹೆಂಗಸರು ಸಂಜೆಗೆ ಭಾಮಾಳಿಗೆ ಮೆಂತ್ಯದ ಲಾಡು ತಂದುಕೊಟ್ಟು, "ಜ್ವಾಕಿ, ಮೆಟ್ಟಲಾ ಹತ್ತಬ್ಯಾಡ" ಅಂದು ಹೋದರು.

ಗಿರಣಿ ನಿಂತರೂ ಯಂತ್ರ ಬಗ್ಗಲಿಲ್ಲ. ಶುಕ್ರವಾರ ಈರಣ್ಣ ತನ್ನ ಅಂಗಡಿಯ ಸ್ಟೆಬಿಲೈಜರ್ ಹೊತ್ತು ತಂದ. ಶನಿವಾರ ಮಾರುತಿಗೆ ಎಣ್ಣೆ ಹೋಯಿತು. ಯಂತ್ರವನ್ನು ಪೂರ್ವಕ್ಕೆ ತಿರುಗಿಸಿದರು, ಬಿಸಿಲಿಗೆ ಇಡಬೇಕೆಂದರು. ಬಿಸಿಲಿಲ್ಲದ್ದರಿಂದ ಇದ್ದಿಲಿನ ಸಿಗಡಿಯ ಹತ್ತಿರ ಇಟ್ಟರು. "ಮುಂಬೈದ್ದು ನೋಡ್ರಿ, ಪುಣೇದವರ ಮಾತು ಕೇಳೂದಿಲ್ಲ" ಎಂದು ಹರಿಶ್ಚಂದ್ರ ತೀರ್ಪು ಕೊಟ್ಟ. ರವಿವಾರ ಮುಂಜಾನೆ ವಾಡೆಯ ಎಲ್ಲ ಮನೆಗಳಲ್ಲೂ ಟೀವಿ ಆರಿಸಿದರು. ಇದರ ಬೆಲೆ ಇಂದಿನವರಿಗೆ ತಿಳಿಯದು. ಆಗಿನ ರವಿವಾರ ಮುಂಜಾನೆ ಟೀವಿ ಬಿಡುವುದೆಂದರೆ ಬಾಯಿಗೆ ಬಂದ ತುತ್ತು ಕೆಳಗಿಟ್ಟ ಹಾಗೆ. ನರ್ಮದಾ ಕಣ್ಣೀರಿಟ್ಟುಕೊಂಡೇ ಸ್ವಿಚ್ಚು ಒತ್ತಿದಳು. ಯಾರೂ ಗೊಣಗಲಿಲ್ಲ. ಇಡೀ ವಾಡೆ ಉಸಿರು ಬಿಗಿಹಿಡಿದು ಕುಳಿತಿರಲು ದಿಗಂಬರ ಅಕ್ಷರ ಒತ್ತಿದ, ಟವೆಲ್ಲು ಎಳೆದ, ಕೀಲಿ ಒತ್ತಿದ.

"ಆಗವಲ್ದು."

ಅವನ ಧ್ವನಿ ಆ ಹೊತ್ತಿಗೆ ಕುಗ್ಗಿಹೋಗಿತ್ತು. ಒಳಗಿನಿಂದ ರಂಗೂಬಾಯಿ ಕೆಮ್ಮಿದರು. ಅವನು ಆ ಕೆಮ್ಮಿನ ಕಡೆ ತಿರುಗಿ ನೋಡಿದ್ದನ್ನು ನಾನು ಕಂಡೆ. 

ಸೋಮವಾರ ಬೆಳಗಾಯಿತು, ಮಳೆ ಹನಿಯುತ್ತಿತ್ತು. ಸಾಹೇಬರು ಬರುವ ಮುಂಚೆ ಎಲ್ಲ ಸರಿಯಿದೆಯೇ ನೋಡಲೆಂದು ಕಾರ್ಖಾನೆಗೆ ಅಂದೇ ಸೇರಿದ ಕಂಪ್ಯೂಟರ್ ತಜ್ಞ ಅವಧೂತ ಲೂನಾ ಮೊಪೆಡ್ಡಿನ ಮೇಲೆ ಬಂದ. ನಮ್ಮ ಬೆಳಗಾವಿಯವನೇ. ಮುಂಬೈಯಲ್ಲಿ ಕಲಿತವನಾದ್ದರಿಂದ ಮಳೆಯಲ್ಲೂ ಟೈ ಕಟ್ಟಿದ್ದ.

"ಮಾಡಿ ತೋರಸ್ರಿ" ಅಂದ.

ದಿಗಂಬರ ಅಕ್ಷರ ಒತ್ತಿದ. ಟವೆಲ್ಲು ಎಳೆಯಲು ಹೋದಾಗ ಅವಧೂತ ಅವನ ಕೈ ಹಿಡಿದ. ಆಗ ನಾವೆಲ್ಲ ಮೊದಲ ಸಲ ಪರದೆಯ ಮೇಲಿನದನ್ನು ಕಂಡೆವು. ಇಂಗ್ಲಿಷಿನಲ್ಲಿತ್ತು, ತಾತ್ಪರ್ಯ ಇಷ್ಟು: ಎಚ್ಚರಿಕೆ, ಸಿ ಡಿಸ್ಕಿನ ಮೇಲಿರುವುದೆಲ್ಲ ಹೊರಟುಹೋಗುವುದು. ಮುಂದುವರಿಯಲೇ? ಹೌದಾದರೆ ವೈ ಒತ್ತಿ, ಬೇಡವಾದರೆ ಎನ್ ಒತ್ತಿ.

ದಿಗಂಬರ ಎಂದಿನಂತೆ ಎನ್ ಒತ್ತಿದ.

ಅವಧೂತ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. "ಎನ್ ಯಾಕ ಒತ್ತಿದ್ರಿ?"

"ಮತ್ತೇನು ಒತ್ತಬೇಕಿತ್ರಿ?"

"ವೈ!"

"ಎಲ್ಲಾ ಹೋಗ್ತದ ಅಂತದರೀ ಅದು! ಮನ್ಯಾಗ ಕೂತು ಹೂಂ ಅನ್ನಲೇನು? ನಾನೂ ಗುರುವಾರದಿಂದ ಬಿಟ್ಟು ಬಿಟ್ಟು ಕೇಳಿ ನೋಡೇನಿ. ಇವತ್ತರೆ ಚೊಲೊ ಮಾತು ಆಡೀತು, ನಾಳೆರೆ ಆಡೀತು ಅಂತ. ಒಮ್ಮೆಯೂ ಒಂದು ಶುಭ ಇ... ಶುಭ ಹೆಚ್ಚಾಗೇದ."

ಈಗ ನೀವು ಏನು ನಿರೀಕ್ಷಿಸುತ್ತೀರಿ ಬಲ್ಲೆ. ನಿಂತ ಗಿರಣಿ, ತಂದ ಸ್ಟೆಬಿಲೈಜರು, ಬಿಟ್ಟ ಟೀವಿ ಇವನ್ನೆಲ್ಲ ನೆನೆದು ವಾಡೆಯವರು ದಿಗಂಬರನ ಮೇಲೆ ಹರಿಹಾಯಬೇಕಿತ್ತು. ಹಾಗೇನೂ ಆಗಲಿಲ್ಲ. ಹರಿಶ್ಚಂದ್ರ ನಿಟ್ಟುಸಿರು ಬಿಟ್ಟು, "ಬರೋಬರ್ ಅದ. ನಾ ಇದ್ರೂ ಎನ್ನೇ ಒತ್ತತಿದ್ದೆ" ಅಂದ. "ಮತ್ತ? ಮನ್ಯಾಗ ಹೆಣ್ಣುಮಕ್ಕಳಿದ್ದಾರ" ಎಂದಳು ನರ್ಮದಾ. ಈರಣ್ಣನಂತೂ ಯಂತ್ರದಿಂದ ಎರಡು ಹೆಜ್ಜೆ ಹಿಂದೆ ಸರಿದು, "ಇಂಥಾದ್ದು ಕೇಳತೈತಿ ಅಂತ ಗೊತ್ತಿದ್ರ ನಾ ಕಿವೀನ ಹಚ್ಚತಿದ್ದಿಲ್ಲ" ಅಂದ.

ಅವಧೂತ ತಲೆ ಹಿಡಿದುಕೊಂಡ. ಅಷ್ಟರಲ್ಲಿ ರಂಗೂಬಾಯಿ ಒಳಗಿನಿಂದ ಬಂದು ಕುಳಿತರು.

"ಅಜ್ಜಿ, ಹೋಗೂದು ಮುಂಬೈಯವರ ಕಸಾ. ನಿಮ್ಮದೇನೂ ಹೋಗೂದಿಲ್ಲ."

"ಮುಂಬೈಯವರದ್ದು ಅಂತ ಬರದದೇನು?"

"ಹಂಗ ಬರದಿಲ್ಲ. ಎಲ್ಲಾ ಅಂತ ಬರದದ. ಅಂದ್ರ, ಸಿ ಮ್ಯಾಲಿಂದು ಎಲ್ಲಾ."

"ಸಿ ಎಲ್ಲದ?"

"ಪೆಟಿಗ್ಯಾಗ."

"ಪೆಟಿಗಿ ಎಲ್ಲದ?"

"ಇಲ್ಲೇ... ನಿಮ್ಮ ಮನ್ಯಾಗ."

"ಮತ್ತ?" ಅಂದು ರಂಗೂಬಾಯಿ ಉಸಿರು ಎಳೆದುಕೊಂಡರು.

ಮುಂಬೈಯಲ್ಲಿ ಅವಧೂತನಿಗೆ ಇದನ್ನು ಕಲಿಸಿರಲಿಲ್ಲ. ತಾನೇ ವೈ ಒತ್ತುತ್ತೇನೆಂದು ಮುಂದೆ ಬಂದ. ಅವನ ಬೆರಳು ಕೀಲಿಗೆ ತಲುಪುವುದರೊಳಗೆ ಭಾಮಾ ಅವನ ಒಂದು ಕೈಗೆ ಬಿಸಿ ಚಹಾದ ಕಪ್ಪನ್ನೂ ಇನ್ನೊಂದಕ್ಕೆ ಬಸಿ ತಟ್ಟೆಯನ್ನೂ ಹಿಡಿಸಿಬಿಟ್ಟಳು. ಹಾಗಾದರೆ ಬೇರೆ ಯಾರದಾದರೂ ಮನೆಗೆ ಒಯ್ಯೋಣವೆಂದ. ಅವನು ನಮ್ಮ ಬಾಗಿಲತ್ತ ನೋಡಿದ. ನರ್ಮದಾ ನನ್ನತ್ತ ನೋಡಿದಳು. ನಾನು ಆಕಾಶ ನೋಡಿದೆ. ಹರಿಶ್ಚಂದ್ರ, "ಗಿರಣೀದೂ ವಾಸ್ತು ಅದ ನೋಡ್ರಿ, ಅದರಾಗ ಮಂದೀ ಗೋದಿ ಬ್ಯಾರೆ ಅದ" ಅಂದ.

ಅವಧೂತನ ತಾಳ್ಮೆ ತಪ್ಪಿತು. "ಹಿಂಗಾದ್ರ ಹೆಂಗ್ರಿ? ಇನ್ನೊಂದು ತಾಸಿಗೆ ಸಾಹೇಬ್ರು ಬರ್ತಾರ. ಇದು ಹಿಂಗೇ ಇದ್ರ ಗಲಗಲಿಯವರನ್ನ ಲೋಣಾವಳಾಕ್ಕ ಹಾಕ್ತಾರ!"

ಬಾಯಿಬಿಟ್ಟ ಮಾತು ತೊಲೆಗೆ ಹೋಗಿ ತಾಗಿತು. ದಿಗಂಬರ ಕಣ್ಣು ಮುಚ್ಚಿಕೊಂಡ.

ರಂಗೂಬಾಯಿ ಮಗನನ್ನು ನೋಡಿದರು. "ಲೋಣಾವಳಾಕ್ಕ?"

"ಹೂಂ ಅವ್ವಾ."

"ಯಾವಾಗಿಂದ ಗೊತ್ತದ ನಿನಗ?"

"ಬುಧವಾರದಿಂದ."

"ನನಗ್ಯಾಕ ಹೇಳಲಿಲ್ಲೋ ಮಗನ?"

"ಮನ್ಯಾಗ ಹೆಂಗ ಹೇಳ್ಲಿ ಅವ್ವಾ? ನೀನೇ ಕಲಿಸೀ..."

ರಂಗೂಬಾಯಿ ತೊಲೆಯನ್ನೊಮ್ಮೆ, ಮಗನನ್ನೊಮ್ಮೆ ನೋಡಿದರು. ತಮ್ಮ ಕಾನೂನು ತಮ್ಮ ಮಗನನ್ನೇ ಐದು ದಿನ ಬಾಯಿಕಟ್ಟಿ ಕೂಡಿಸಿತ್ತೆಂದು ಅವರಿಗೆ ತಟ್ಟಿರಬೇಕು. ಆದರೆ ಕಾನೂನು ಮುರಿಯುವವರ ಪೈಕಿ ಅಲ್ಲ ಅವರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತರು.

"ವಾಸ್ತುಪುರುಷಗ ಹೊಸ್ತಿಲದಾಚಿ ಕೇಳಸೂದಿಲ್ಲ. ವಾಡೇದ ದೊಡ್ಡ ಬಾಗಿಲಾ ದಾಟಿ ಫುಟ್‌ಪಾಥಿಗೆ ಒಯ್ರಿ. ಅದು ಮುನ್ಸಿಪಾಲ್ಟಿದು. ಅಲ್ಲೆ ಏನು ಹೋದ್ರೂ ಮುನ್ಸಿಪಾಲ್ಟಿದು ಹೋಗ್ತದ. ಹೋಗ್ಲಿಕ್ಕೆ ಅದರ ಕಡೆ ಏನೂ ಉಳದಿಲ್ಲ."

ಇಂಥ ನ್ಯಾಯ ಯಾವ ಕೋರ್ಟಿನಲ್ಲೂ ಸಿಗುವುದಿಲ್ಲ. ಎಲ್ಲರಿಗೂ ಒಮ್ಮೆಲೇ ಕಾಲು ಬಂದವು. ಯಂತ್ರಕ್ಕೆ ಮಳೆ ತಾಗದಂತೆ ಬಿಳಿ ಧೋತರ ಹೊದಿಸಿ, ಹಲಗೆಯ ಮೇಲಿಟ್ಟು, ನಾವು ನಾಲ್ವರು ಹೆಗಲು ಕೊಟ್ಟೆವು. ಸೇವಂತಿಗೆ ಮಾಲೆ ಇನ್ನೂ ಅದರ ಮೇಲೇ ಇತ್ತು. ಮೆಲ್ಲಗೆ ಮೆಟ್ಟಿಲಿಳಿದು ದೊಡ್ಡ ಬಾಗಿಲಿಗೆ ಬಂದಾಗ, ದಾರಿಹೋಕರೊಬ್ಬರು ಸೈಕಲ್ಲಿನಿಂದ ಇಳಿದು ಟೊಪ್ಪಿಗೆ ತೆಗೆದು ಕೈಮುಗಿದರು. "ವಯಸ್ಸೆಷ್ಟಾಗಿತ್ತು?" ಎಂದು ಮೆಲ್ಲಗೆ ಕೇಳಿದರು. "ಗೊತ್ತಿಲ್ರಿ, ಮುಂಬೈದ್ದು" ಅಂದ ಈರಣ್ಣ.

ಗಿರಣಿಯಿಂದ ವೈರು ಎಳೆದರು. ಸ್ಟೂಲಿನ ಮೇಲೆ ಯಂತ್ರ, ಸುತ್ತ ಛತ್ರಿಗಳು. ದಿಗಂಬರ ಮತ್ತೆ ಅಕ್ಷರ ಒತ್ತಿದ, ಅದೇ ಎಚ್ಚರಿಕೆಯ ಸಾಲು ಮೂಡಿತು. ಗೋದಿಯ ಸಾಲಿನವರೂ ಬಂದು ಸೇರಿದರು. ಗುಂಪು ಕಂಡು ಟ್ರಾಫಿಕ್ ಹವಾಲ್ದಾರ ಸೀಟಿ ಊದುತ್ತ ಬಂದ.

"ಕಾಯ್ ಚಾಲಲಂಯ್ ಹೇ? ಏನು ನಡಸೀರಿ ಇದು? ರಸ್ತಾದ ಮ್ಯಾಲೆ ಸಿನೇಮಾ ತೋರಸ್ತೀರೇನು?"

ಹರಿಶ್ಚಂದ್ರ ಅವನಿಗೆ ಮರಾಠಿಯಲ್ಲಿ ಎಲ್ಲ ತಿಳಿಸಿದ. ಪರದೆಯ ಮೇಲಿನ ಸಾಲನ್ನು ಓದಿ ಅರ್ಥ ಹೇಳಿದ. ಹವಾಲ್ದಾರನ ಸೀಟಿ ಬಾಯಿಂದ ಜಾರಿತು. "ಎಲ್ಲಾ ಹೋಗ್ತದ? ನನ್ನ ಸರಹದ್ದಿನ್ಯಾಗ? ಛೇ ಛೇ! ಆ ಮೂರನೇ ದೀಪದ ಕಂಬ ದಾಟಿದ್ರ ಬ್ಯಾರೇ ಚೌಕಿ. ಅಲ್ಲಿ ಒಯ್ದು ಏನರೆ ಮಾಡ್ರಿ."

ವೈರು ಅಷ್ಟು ಉದ್ದವಿರಲಿಲ್ಲ. ವಾದ ನಡೆಯಿತು. ಹವಾಲ್ದಾರ ಯಾವುದಕ್ಕೂ ಒಪ್ಪಲಿಲ್ಲ. ಆಗ ದೊಡ್ಡ ಬಾಗಿಲಲ್ಲಿ ಭಾಮಾಳ ಹೆಗಲು ಹಿಡಿದು, ಏದುಸಿರು ಬಿಡುತ್ತ ರಂಗೂಬಾಯಿ ಕಾಣಿಸಿಕೊಂಡರು. ಮಳೆಗಾಲದಲ್ಲಿ ಅವರು ಮೆಟ್ಟಿಲಿಳಿದು ಬಂದದ್ದೇ ಇಲ್ಲ. ದಿಗಂಬರ, "ಅವ್ವಾ, ಮಳಿ!" ಎಂದು ಓಡಿದ. ಹವಾಲ್ದಾರ ಆ ಮುದುಕಿಯ ಎದೆಯ ಏರಿಳಿತ ನೋಡಿದ. ತನ್ನ ಮೈಮೇಲಿನ ರೇನ್‌ಕೋಟು ಬಿಚ್ಚಿ ಅವರಿಗೆ ಹೊದಿಸಿದ. ಆಮೇಲೆ ಗುಂಪಿಗೆ ಬೆನ್ನು ತಿರುಗಿಸಿ ನಿಂತು, "ನಾ ಏನೂ ನೋಡಿಲ್ಲ" ಎಂದು ಬರುವ ಸೈಕಲ್ಲುಗಳನ್ನೆಲ್ಲ ಆಚೆ ಗಲ್ಲಿಗೆ ತಿರುಗಿಸತೊಡಗಿದ. ಅವನ ಹೆಸರೇನೆಂದು ನಾವು ಕೇಳಲೇ ಇಲ್ಲ. ಎಲ್ಲಿದ್ದರೂ ಚೆನ್ನಾಗಿರಲಿ.

"ಯಾವ ಕೀಲಿ?" ಎಂದು ಕೇಳಿದರು ರಂಗೂಬಾಯಿ.

"ಅವ್ವಾ, ನೀ ಬ್ಯಾಡ, ನಾ..."

"ನೀ ಮತ್ತ ಎನ್ನೇ ಒತ್ತತೀ. ಆಚೆ ಸರಿ."

ಅವಧೂತ ತೋರಿಸಿದ. ರಂಗೂಬಾಯಿ ಹೆಬ್ಬೆರಳನ್ನು ವೈ ಮೇಲೆ ಊರಿ, ಕಣ್ಣು ಮುಚ್ಚಿ, "ಎಲ್ಲಾ ಹೆಚ್ಚಾಗ್ಲಿ" ಎಂದು ಒತ್ತಿದರು.

ಪೆಟ್ಟಿಗೆಯೊಳಗೆ ಏನೋ ಕಿರ್ರೆಂದಿತು. ಪರದೆಯ ಮೇಲೆ ಒಂದು ಅಂಕಿ ಮೂಡಿತು. ಅದು ಬದಲಾಯಿತು. ಮತ್ತೆ ಬದಲಾಯಿತು.

"ಏನಂತದ?" ಎಂದರು ರಂಗೂಬಾಯಿ.

"ಲೆಕ್ಕಾ ಏರಲಿಕತ್ತದ ಅವ್ವಾ" ಎಂದ ದಿಗಂಬರ, ತಾನೇ ನಂಬಲಾರದೆ. "ಏರಲಿಕತ್ತದ, ಇನ್ನೂ ಏರಲಿಕತ್ತದ."

"ಮತ್ತ ನಾ ಏನಂದೆ?"

ಅಂಕಿಗಳು ಏರುತ್ತಿದ್ದಂತೆ ಮಳೆಯೂ ಏರಿತು. ಹರಿಶ್ಚಂದ್ರ ಗೋದಿಮೂಟೆಯ ಮೇಲಿನ ತಾಡಪತ್ರೆ, ಅಂದರೆ ಟಾರ್ಪಾಲು, ತಂದು ಯಂತ್ರದ ಮೇಲೆ ಹಿಡಿದ. ಅವನ ಮೈಯ ಹಿಟ್ಟು ನೆನೆದು ಕಣಕವಾಯಿತು. ಈರಣ್ಣ ಸ್ಟೆಬಿಲೈಜರನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡು ನಿಂತ. ಗೋದಿ ಡಬ್ಬಿಯ ಹೆಂಗಸರು ತಮ್ಮ ತಲೆಯ ಮೇಲಿನ ಛತ್ರಿಗಳನ್ನು ಯಂತ್ರದ ಕಡೆಗೆ ವಾಲಿಸಿದರು. ಯಾರಿಗೂ ಒಳಗೆ ಹೋಗುವ ನೆನಪಿರಲಿಲ್ಲ.

ಅದೇ ಹೊತ್ತಿಗೆ ಸಾಹೇಬರ ಬಿಳಿ ಫಿಯಾಟು ಬೀದಿಯ ಬಾಯಿಗೆ ಬಂತು. ಹವಾಲ್ದಾರ ಅದನ್ನೂ ಆಚೆ ಗಲ್ಲಿಗೆ ತಿರುಗಿಸಿದ. ಸಾಹೇಬರು ಇಳಿದು, ಪ್ಯಾಂಟು ಮಡಚಿಕೊಂಡು, ನೀರು ತುಳಿಯುತ್ತ ನಡೆದೇ ಬಂದರು. ಗುಂಪು ಸೀಳಿ ಒಳಗೆ ಇಣುಕಿದರು.

"ಗಲಗಲಿ! ನನ್ನ ಕಂಪ್ಯೂಟರ್ ಫುಟ್‌ಪಾಥ್ ಮ್ಯಾಲೆ ಯಾಕ ಅದ?"

ಅವಧೂತ ಏನೋ ಹೇಳಹೋದ. ದಿಗಂಬರ ಅವನನ್ನು ತಡೆದ. ತಲೆಯಿಂದ ಕಾಲಿನವರೆಗೆ ನೀರು ಇಳಿಯುತ್ತಿತ್ತು.

"ಸಾಹೇಬ್ರ, ಮೊದಲ ಒಂದು ಮಾತು ಹೇಳೂದದ. ಇಲ್ಲೇ ಹೇಳಬೇಕು, ಒಳಗ ಹೋದ್ರ ಹೇಳ್ಲಿಕ್ಕೆ ಬರೂದಿಲ್ಲ."

"ಏನು?"

"ನನಗ ಕಂಪ್ಯೂಟರ್ ಬರೂದಿಲ್ರಿ."

ವಾಡೆಯವರೆಲ್ಲ ಅವನ ಬಾಯಿಯನ್ನೇ ನೋಡಿದೆವು. ಹುಟ್ಟಿದಾಗಿನಿಂದ ಒಳಗೆ ಉಳಿದಿದ್ದ "ಇಲ್ಲ" ಕೊನೆಗೂ ಹೊರಬಿದ್ದಿತ್ತು, ಮುನ್ಸಿಪಾಲ್ಟಿಯ ಜಾಗದಲ್ಲಿ, ಯಾರಿಗೂ ಬಾಧೆಯಿಲ್ಲದ ಹಾಗೆ. ಸಾಹೇಬರು ಅವನನ್ನು ಬಿಟ್ಟು ಸುತ್ತಲೂ ನೋಡಿದರು. ತಾಡಪತ್ರೆ ಹಿಡಿದ ಕಣಕದ ಮನುಷ್ಯ, ಯಂತ್ರಕ್ಕೆ ಛತ್ರಿ ಕೊಟ್ಟು ತಾವು ನೆನೆಯುತ್ತಿದ್ದ ಹೆಂಗಸರು, ಪೋಲೀಸಿನ ರೇನ್‌ಕೋಟಿನಲ್ಲಿ ಅರ್ಧ ಮುಳುಗಿದ ಒಬ್ಬ ಮುದುಕಿ.

"ಇವರೆಲ್ಲಾ ಯಾರು?"

"ನಮ್ಮ ಮಂದಿ ರೀ."

ಸಾಹೇಬರು ಮೂಗು ಒರೆಸಿಕೊಂಡರು. "ನನ್ನ ಕಾರ್ಖಾನ್ಯಾಗ ಸೋರ್ಲಿಕ್ಕೆ ಹತ್ತಿದ್ರ ಎಲ್ಲಾರೂ ತಮ್ಮ ತಮ್ಮ ಊಟದ ಡಬ್ಬಿ ಎತ್ತಿಕೊಂಡು ಓಡ್ತಾರ. ಯಂತ್ರಕ್ಕ ಛತ್ರಿ ಹಿಡದವರನ್ನ ಇವತ್ತೇ ಕಂಡೆ. ಅವಧೂತ, ಇವಗ ಕಂಪ್ಯೂಟರ್ ಕಲಸೂದು ನಿನ್ನ ಕೆಲಸ. ಸ್ಟೋರ್ಸ್ ಇವನ ಕಡೆನೇ ಇರ್ಲಿ. ಲೋಣಾವಳಾಕ್ಕ ಬ್ಯಾರೇ ಯಾರನ್ನರೆ ನೋಡೋಣು."

ದಿಗಂಬರ ಛತ್ರಿ ಹಿಡಿದ ಒಬ್ಬೊಬ್ಬರ ಮುಂದೂ ಹೋಗಿ ಕೈಮುಗಿದ. ನನ್ನ ಮುಂದೆ ಬಂದಾಗ ನಾನೂ ಅವನಿಗೆ ಕೈಮುಗಿದೆ. ಯಾಕೆಂದು ಇಬ್ಬರಿಗೂ ತಿಳಿಯಲಿಲ್ಲ, ಆದರೆ ಅದು ಸರಿಯಾಗಿತ್ತು.

ಯಂತ್ರ ಗೊರಗುಟ್ಟುವುದು ನಿಲ್ಲಿಸಿ ಇನ್ನೊಂದು ಪ್ರಶ್ನೆ ಕೇಳಿತು. "ಡಿಸ್ಕಿಗೆ ಹೆಸರು ಕೇಳಲಿಕತ್ತದ" ಎಂದ ಅವಧೂತ. "ಹನ್ನೊಂದು ಅಕ್ಷರದಾಗ." ಸಾಹೇಬರು ಕಾರ್ಖಾನೆಯ ಹೆಸರು ಹಾಕು ಎಂದರು.

"ಬ್ಯಾಡ್ರಿ" ಎಂದ ದಿಗಂಬರ. ಐದು ದಿನ ಎನ್ ಒತ್ತಿ ಒತ್ತಿ ಬೆರಳಿಗೆ ಬಂದ ಧೈರ್ಯ ಈಗ ಬಾಯಿಗೂ ಬಂದಿತ್ತು. ಇಂಗ್ಲಿಷಿನ ಅಕ್ಷರಗಳನ್ನು ಹುಡುಕಿ ಹುಡುಕಿ ತಾನೇ ಒತ್ತಿದ: ರಂಗೂಬಾಯಿ. ಮೂರು ಅಕ್ಷರದ ಜಾಗ ಉಳಿಯಿತು. ಹರಿಶ್ಚಂದ್ರ ತನ್ನ ಹೆಸರನ್ನೂ ಅದರಲ್ಲಿ ಎಲ್ಲಾದರೂ ಸೇರಿಸಬಹುದೇ ಎಂದು ವಿಚಾರಿಸಿದ. ಆಗಲಿಲ್ಲ.

ಅಂದಿನಿಂದ ಕಾರ್ಖಾನೆಯಲ್ಲಿ ಯಾರು ಆ ಯಂತ್ರದಲ್ಲಿ ಸ್ಕ್ರೂಗಳ ಪಟ್ಟಿ ತೆಗೆದರೂ ಪರದೆಯ ತುದಿಯಲ್ಲಿ ಮೊದಲು ಬರುತ್ತಿದ್ದುದು ಆ ತಾಯಿಯ ಹೆಸರು. ದಿಗಂಬರ ಕಂಪ್ಯೂಟರ್ ಕಲಿತ, ಚೆನ್ನಾಗಿಯೇ ಕಲಿತ. ನಮ್ಮ ವಾಡೆಯಲ್ಲಿ ಮಾತ್ರ ಒಂದು ಹೊಸ ರೂಢಿ ಬಿತ್ತು. ಯಾರಿಗಾದರೂ ಯಾವುದಕ್ಕಾದರೂ "ಇಲ್ಲ" ಎನ್ನಬೇಕಾಗಿ ಬಂದರೆ ಅವರನ್ನು ಗೌರವದಿಂದ ಫುಟ್‌ಪಾಥಿಗೆ ಕರೆದೊಯ್ಯುತ್ತೇವೆ. ನನ್ನ ಮೇಲಧಿಕಾರಿಗೆ ರಜೆಯ ದಿನ ಬರಲಾರೆನೆಂದು ನಾನು ಹೇಳಿದ್ದು ಅಲ್ಲಿಯೇ. ರಂಗೂಬಾಯಿಯವರ ಎದೆಗೆ ಆಮೇಲೂ ಪುಣೆಯ ಹವೆಯೇ ಸಿಕ್ಕಿತು. ಅವರ ಚಟ್ನಿಪುಡಿ ಮುಂದೆಯೂ ಬಹಳ ವರ್ಷ ನಮ್ಮ ಪಾಲಿಗಿತ್ತು. ಇದಕ್ಕಾಗಿ ನಾನು ಆ ಮುಂಬೈ ಯಂತ್ರಕ್ಕೂ ಋಣಿ.

ಎರಡು ವರ್ಷದ ಮೇಲೆ ಇನ್ನೊಂದು ಮಳೆಗಾಲದ ಸಂಜೆ ದಿಗಂಬರ ಕೆಲಸದಿಂದ ಬಂದು, ಚಪ್ಪಲಿ ಬಿಡುತ್ತ, "ಅವ್ವಾ, ಡಿಸ್ಕಿನ್ಯಾಗ ಜಾಗಾ ಹೆಚ್ಚಾಗೇದ. ಟೆಂಪೋ ಕೆಳಗ ನಿಂತದ" ಎಂದ.

ರಂಗೂಬಾಯಿ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದರು. ಒಂದು ಗಳಿಗೆ ಸೌಟು ನಿಂತಿತು. ಆಮೇಲೆ ಕಿಟಕಿಯಿಂದ ಕೆಳಗೆ ಬಾಗಿ ಕೂಗಿದರು.

"ಹರಿಶ್ಚಂದ್ರಾ, ಗಿರಣಿ ಬಂದ್ ಮಾಡೋ. ಛತ್ರಿ ತಗೀರಿ ಎಲ್ಲಾರೂ!"